ಮೂರನೇ ಪ್ರೆಸ್ಸಿನ ಮೇಲಿನ ಚೀಟಿ

ಟಿಟ್ವಾಳಾ
8 ಜೂನ್ 2024, ಶನಿವಾರ

ಜಯಕ್ಕನಿಗೆ ಗಿರಿಜವ್ವನ ನಮಸ್ಕಾರ.

ಕಾಗದದ ಮೊದಲಿಗೆ ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆಯಬೇಕೆಂದು ಡೊಂಬಿವಲಿಯ ಭಾನುವಾರದ ಕನ್ನಡ ಕ್ಲಾಸಿನಲ್ಲಿ ನೀವೇ ಕಲಿಸಿದ್ದು. ಆದ್ದರಿಂದ ಬರೆದೆ. ನಿಜವಾಗಿ ಸುಖವಾಗಿದ್ದೇವೆಯೋ ಇಲ್ಲವೋ, ಕೆಳಗೆ ಓದಿ ನೀವೇ ಹೇಳಿ.

ನೀವು ಮಹಾಪೆ ಯೂನಿಟ್ಟಿಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ನಿಮ್ಮ ಹಿಂದೆಯೇ ಬ್ರಷ್ಷು ಪ್ಯಾಕ್ ಮಾಡುವ ಮೂರನೇ ನಂಬರಿನ ಪ್ರೆಸ್ಸನ್ನೂ ಲಾರಿಗೆ ಹೇರಿ ಕಳಿಸಿಬಿಟ್ಟರು. ಅದು ಇದ್ದ ಜಾಗದಲ್ಲಿ ನೆಲ ಬೆಳ್ಳಗೆ ಕಾಣುತ್ತದೆ. ನಾನು ಅದನ್ನು ದಾಟಿಕೊಂಡೇ ನೀರಿಗೆ ಹೋಗಬೇಕು. ಹೋಗುವಾಗಲೆಲ್ಲ ಏನೋ ಒಂಥರಾ ಆಗುತ್ತದೆ.

ಸೋಮವಾರ ಒಂದು ಘಟನೆ ನಡೆಯಿತು. ಗೇಟಿನ ಹತ್ತಿರದ ಸುವಿಚಾರದ ಫಲಕ ನಿಮಗೆ ಗೊತ್ತಲ್ಲ, ಅದನ್ನು ಬರೆಯುತ್ತಿದ್ದ ಆಫೀಸಿನವನು ಕೆಲಸ ಬಿಟ್ಟ. ಮ್ಯಾನೇಜರ್ ಹಿತೇಶ್ ಸರ್ ಎಲ್ಲರ ಮುಂದೆ ನನ್ನ ಕಡೆ ಬೆರಳು ಮಾಡಿ, "ಟೆನ್ಶನ್ ಗಿರಿಜಾ, ಕಲ್ ಸೇ ಬೋರ್ಡ್ ತುಮ್ ಲಿಖೋಗಿ" ಎಂದರು, ನಾಳೆಯಿಂದ ಫಲಕ ನೀನೇ ಬರೆಯಬೇಕು ಎಂದು. ಲೈನಿನವರೆಲ್ಲ ನಕ್ಕರು. ಇಡೀ ವಾಗ್ಳೆ ಎಸ್ಟೇಟಿನಲ್ಲಿ ನನ್ನಷ್ಟು ಚಿಂತೆ ಮಾಡುವವಳು ಇಲ್ಲವಂತೆ. ದಿನಾ ಬೆಳಗ್ಗೆ ಧೈರ್ಯದ ಮಾತು ಬರೆದರೆ ಮೊದಲು ನನಗೇ ರೋಗ ವಾಸಿಯಾಗುತ್ತದಂತೆ. ವಿಠ್ಠಲವಾಡಿಯ ಮುನಿಸಿಪಾಲ್ಟಿ ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿ ಬಿಟ್ಟವಳು ನಾನು. ಹಿಂದಿಯಲ್ಲಿ ಬರೆಯಬೇಕು. ಒಂದು ಅಕ್ಷರ ತಪ್ಪಿದರೂ ನೂರಾ ಇಪ್ಪತ್ತು ಮಂದಿ ನೋಡುತ್ತಾರೆ.

ಅದಕ್ಕೊಂದು ನಿಯಮವೂ ಇದೆ. ಫಲಕದ ಮೇಲೆ ಬೇಡ, ಇಲ್ಲ, ಆಗದು ಎಂಬ ಮಾತು ಬರಬಾರದು. "ಸಿಟ್ಟು ಮಾಡಬೇಡಿ" ಎಂದು ಬರೆದಿದ್ದೆ. ಅಳಿಸಿ "ಸಮಾಧಾನವಾಗಿರಿ" ಎಂದು ಬರೆಸಿದರು. ಮೊದಲು ಅದೇ ಫಲಕದ ಬಲಗಡೆ ಗೆರೆ ಹಾಕಿ ಮಷೀನಿನ ದೂರು ಬರೆಯುತ್ತಿದ್ದೆವು. ಆ ಗೆರೆಯನ್ನೂ ಒರೆಸಿಬಿಟ್ಟಿದ್ದಾರೆ. ಪೂರ್ತಿ ಫಲಕ ಈಗ ಒಳ್ಳೆಯ ಮಾತಿಗೇ.

ಎರಡೂ ಯೂನಿಟ್ಟಿನಲ್ಲಿ ಒಂದೇ ಸುವಿಚಾರ ಇರಬೇಕು ಎಂದು ಹುಕುಂ. ವಾರದ ಆರು ಮಾತು ಆರು ಚೀಟಿಯಲ್ಲಿ ಬರೆದು ಟೆಂಪೋ ಡ್ರೈವರ್ ಶಿವರಾಜನ ಕೈಯಲ್ಲಿ ಕಳಿಸಿದ್ದೇನೆ. ತಪ್ಪಿದ್ದರೆ ತಿದ್ದಿ, ಯಾರಿಗೂ ಹೇಳಬೇಡಿ.

ಇನ್ನೊಂದು ಮಾತು. ಮೂರನೇ ಪ್ರೆಸ್ಸಿನ ಕೆಂಪು ದೀಪ ಅಲ್ಲಿಯೂ ಹೊತ್ತಿಕೊಳ್ಳುತ್ತದೆಯೇ? ಹೊತ್ತಿದರೆ ಮೇಲಿನ ಕಾದ ತಟ್ಟೆ ಸರಿಯಾಗಿ ಕಚ್ಚಿ ನಿಂತಿಲ್ಲ ಎಂದು ಅರ್ಥ. ಲೈಟಿನವನು "ದೀಪವೇ ಲೂಸು, ತಟ್ಟೆ ಸರಿ ಇದೆ" ಎಂದು ಹೇಳಿ ಹೋಗಿದ್ದ. ಆದರೂ ದೀಪ ಹೊತ್ತಿದಾಗ ಕೈ ಒಳಗೆ ಹಾಕಬೇಡಿ. ಇಲ್ಲಿ ಮಾಡುತ್ತಿದ್ದ ಹಾಗೆ ಕೈಕಟ್ಟಿ ಕುಳಿತು, ಅದು ಆರಿದ ಮೇಲೆ ಬ್ರಷ್ಷು ತೆಗೆಯಿರಿ. ನಗಬೇಡಿ.

ವಾರಕ್ಕೊಂದು ಕಾಗದ ಬರೆದರೆ ಕಲಿತ ಅಕ್ಷರ ಕೈಬಿಡುವುದಿಲ್ಲ ಎಂದಿದ್ದೀರಿ. ನಾನು ಬರೆಯುತ್ತೇನೆ. ನೀವೂ ಬರೆಯಿರಿ.

ಗಿರಿಜವ್ವ


ಘಣಸೋಲಿ
15 ಜೂನ್ 2024

ಪ್ರೀತಿಯ ಗಿರಿಜಾ,

ಎಂತದು ಮಾರಾಯ್ತಿ, ಒಂದು ಕಾಗದದಲ್ಲಿ ಎಷ್ಟು ಹೆದರಿಕೆ ತುಂಬಿಸಿದ್ದೀ. ಓದಿ ಮುಗಿಸಿ ನಾನು ಒಂದು ಲೋಟ ನೀರು ಕುಡಿದೆ. ನಿನ್ನ ಹಿಂದಿಯಲ್ಲಿ ತಪ್ಪು ಒಂದೇ ಉಂಟು, ತಿದ್ದಿದ್ದೇನೆ.

ಚೀಟಿಗಳು ಇಲ್ಲಿ ಎಲ್ಲರಿಗೂ ಹಿಡಿಸಿವೆ. "ರೈಲು ತಪ್ಪಿದರೆ ಹಿಂದೆ ಇನ್ನೊಂದು ರೈಲು ಬರುತ್ತಿದೆ" ಎಂದು ಬರೆದದ್ದನ್ನು ಓದಿ ದಿವಾ ಸ್ಟೇಷನ್ನಿನಿಂದ ಬರುವ ಹುಡುಗಿಯರು ಮೂರು ದಿನ ನಕ್ಕರು. "ಪಕ್ಕದವರ ಡಬ್ಬಿಯ ಮುಚ್ಚಳ ತೆಗೆದುಕೊಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ" ಎಂಬುದನ್ನು ಬಾಗಿ ಬಾಯಿಪಾಠ ಮಾಡಿದ್ದಾಳೆ. ಬಾಗಿ ಎಂದರೆ ನನ್ನ ಬಲಕ್ಕೆ ಕೂರುವವಳು, ನಮ್ಮ ಬೆಳ್ಮಣ್ಣಿನ ಕಡೆಯವಳು. ಎಡಕ್ಕೆ ಪೂನಂ, ಇಪ್ಪತ್ತೆರಡು ವರ್ಷದ ಕಲ್ಯಾಣದ ಹುಡುಗಿ, ಕೈ ಬಹಳ ಚುರುಕು.

ಮೂರನೇ ಪ್ರೆಸ್ಸು ನನಗೇ ಸಿಕ್ಕಿದೆ. ಹಳೇ ಗೆಳತಿ. ರಟ್ಟು ಇಡು, ಬ್ರಷ್ಷು ಇಡು, ಪ್ಲಾಸ್ಟಿಕ್ ಮುಚ್ಚು, ಪೆಡಲು ಒತ್ತು, ತಟ್ಟೆ ಇಳಿದು ಅಂಟಿಸಿ ಮೇಲೆ ಹೋದ ಮೇಲೆ ಕೈಯಲ್ಲಿ ತೆಗೆ. ಹನ್ನೊಂದು ವರ್ಷ ಇದನ್ನೇ ಮಾಡಿದವಳಿಗೆ ನೀನು ಪಾಠ ಹೇಳುತ್ತೀ. ದೀಪ ಆಗೊಮ್ಮೆ ಈಗೊಮ್ಮೆ ಹೊತ್ತುತ್ತದೆ. ನೋಡುವ.

ಒಂದು ವಿಷಯ ಹೇಳುತ್ತೇನೆ, ಅಲ್ಲಿ ಯಾರ ಹತ್ತಿರವೂ ಹೇಳಬೇಡ. ದಸರಾದ ಹೊತ್ತಿಗೆ ನನ್ನನ್ನು ಪರ್ಮನೆಂಟ್ ಮಾಡುತ್ತಾರಂತೆ. ಪ್ರತಿ ತಿಂಗಳು ಒಂದು ಫಾರ್ಮು ತುಂಬುತ್ತಾರೆ. ಅದರಲ್ಲಿ ಐದು ಕಾಲಂ. ಕೊನೆಯದು ಪಾಸಿಟಿವ್ ಅಟಿಟ್ಯೂಡ್, ಇಪ್ಪತ್ತು ಮಾರ್ಕು. ದೂರು ಹೇಳಿದವರಿಗೆ ಅಲ್ಲೇ ಕಟ್. ಐವತ್ತು ದಾಟಿದವಳಿಗೆ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ? ಆದ್ದರಿಂದ ನಾನು ಈಗ ಬೆಳಗ್ಗೆ ಗೇಟಿನಲ್ಲೇ ನಗಲು ಶುರು ಮಾಡುತ್ತೇನೆ. ನೀವೆಲ್ಲ ಮುಂಡಪ್ಪಣ್ಣ ಎನ್ನುವ ನನ್ನ ಯಜಮಾನರು "ಮನೆಗೂ ಸ್ವಲ್ಪ ಉಳಿಸಿ ತಾ" ಎನ್ನುತ್ತಾರೆ.

ಜಯಲತಾ


ಟಿಟ್ವಾಳಾ
29 ಜೂನ್ 2024

ಜಯಕ್ಕಾ,

ಎರಡು ವಾರ ಬರೆಯಲಿಲ್ಲ, ಕ್ಷಮಿಸಿ. ಈಗ ಬರೆಯಬಹುದು. ಈಗ ಎದೆ ಹಗುರಾಗಿದೆ.

ನಿಮಗೆ ಹೇಳಿರಲಿಲ್ಲ. ಏಪ್ರಿಲಿನಲ್ಲಿ ನನ್ನ ಕೈಯ ಹಸಿರು ಬಳೆ ಒಡೆದವು. ಬಲಗೈಯವು ಆರಕ್ಕೆ ಆರೂ. ನಲ್ಲಿಯ ಹತ್ತಿರ ಕೊಡ ಬಡಿದು ಒಡೆದವು. ಒಂದು ಬಳೆ ಒಡೆದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆರೂ ಒಟ್ಟಿಗೆ ಹೋದರೆ ಏನು ಅರ್ಥ? ಇವರು ದಿನಾ ವಿಠ್ಠಲವಾಡಿಯಲ್ಲಿ ಇಳಿದು ಹಳಿ ದಾಟಿಯೇ ಮರದ ಅಡ್ಡೆಗೆ ಕೆಲಸಕ್ಕೆ ಹೋಗುವವರು. ಸೇತುವೆ ಹತ್ತಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸಂಜೆ ಬಾಗಿಲಲ್ಲಿ ಇವರ ಚಪ್ಪಲಿ ಕಾಣುವ ತನಕ ನನಗೆ ಒಲೆ ಹಚ್ಚಲು ಕೈ ಬರುತ್ತಿರಲಿಲ್ಲ. ಇವರಿಗೆ ನಗೆ. "ನಿನಗ ಚಿಂತಿ ಮಾಡಾಕ ಪಗಾರ ಕೊಟ್ಟಿದ್ರ ನಾವು ಠಾಣೇದಾಗ ಬಂಗ್ಲೆ ತಗೋತಿದ್ವಿ" ಎಂದರು.

ನಮ್ಮ ಟಿಟ್ವಾಳಾದ ಗಣಪತಿಗೆ ಹರಕೆ ಹೊತ್ತೆ. ಐದು ಮಂಗಳವಾರ, ಕೆಲಸಕ್ಕೆ ಹೋಗುವ ಮೊದಲು ಗುಡಿಗೆ ಹೋಗಿ, ಸಂಜೆ ದೀಪ ಹಚ್ಚುವ ತನಕ ನೀರೂ ಕುಡಿಯದೆ. ಹರಕೆ ಮುಗಿಯುವ ತನಕ ಬಲಗೈ ಬೋಳು. ಐದನೆಯದು ಮೊನ್ನೆ ಇಪ್ಪತ್ತೈದಕ್ಕೆ, ಅಂಗಾರಕಿ ಸಂಕಷ್ಟಿಯ ದಿನ. ಗುಡಿಯ ಸಾಲು ಸ್ಟೇಷನ್ನಿನ ಮಗ್ಗುಲಿಗೇ ಬಂದಿತ್ತು. ಎರಡು ಲೋಕಲ್ ಬಿಟ್ಟೆ, ಲೇಟ್ ಮಾರ್ಕ್ ಬಿತ್ತು, ಬೀಳಲಿ. ದರ್ಶನವಾಯಿತು. ಇನ್ನು ಇವರಿಗೆ ಗಂಡಾಂತರವಿಲ್ಲ.

ಈ ವಾರದ ಆರು ಚೀಟಿ ಇಟ್ಟಿದ್ದೇನೆ. ಈ ಸಲ ಬರೆಯುವಾಗ ನನಗೇ ನಂಬಿಕೆ ಬಂತು. ಆದರೂ ಕೇಳುತ್ತೇನೆ, ಬೇಜಾರಾಗಬೇಡಿ: ಕೆಂಪು ದೀಪ?

ಗಿರಿಜವ್ವ


ಘಣಸೋಲಿ
6 ಜುಲೈ 2024

ಪ್ರೀತಿಯ ಗಿರಿಜಾ,

ನಿನ್ನ ಹರಕೆ ಮುಗಿದದ್ದು ಸಂತೋಷ. ನಿನ್ನ ಗಂಡ ರಾಯಪ್ಪಣ್ಣನಿಗೆ ಏನೂ ಆಗುವುದಿಲ್ಲ. ಹಳಿ ದಾಟುವುದು ಮಾತ್ರ ಬಿಡಲು ಹೇಳು.

ಈಗ ಇಲ್ಲಿ ಒಂದು ಬದಲಾವಣೆ. ಬೆಳಗ್ಗೆ ಎಂಟಕ್ಕೆ ನಿಮ್ಮ ವಾಚ್‌ಮನ್ ಅಲ್ಲಿಯ ಫಲಕದ ಫೋಟೋ ಕಳಿಸುತ್ತಾನೆ, ನಮ್ಮ ಆಫೀಸಿನ ಸೌಜನ್ಯ ಅದನ್ನು ನೋಡಿಕೊಂಡು ಇಲ್ಲಿಯ ಫಲಕದಲ್ಲಿ ಬರೆಯುತ್ತಾಳೆ. ಪಾಪದ ಹುಡುಗಿ, ನೀನು ಒಂದು ಗೀಟು ಹೆಚ್ಚು ಎಳೆದರೆ ಅವಳೂ ಎಳೆಯುತ್ತಾಳೆ. ಅರ್ಥ ನೋಡುವವಳಲ್ಲ, ಅಕ್ಷರ ನೋಡುವವಳು.

ಹಾಗೆಂದು ಚೀಟಿ ನಿಲ್ಲಿಸಬೇಡ. ಅದು ಬೇರೆ ಕೆಲಸಕ್ಕೆ ಬೇಕು. ನಿನ್ನ ಚೀಟಿ ಈಗ ದಿನಾ ಮೂರನೇ ಪ್ರೆಸ್ಸಿನ ಹಣೆಯ ಮೇಲೆಯೇ ಇರುತ್ತದೆ. ಹೊರಗಿನವರು ನೋಡಲು ಬಂದಾಗ ಮೊದಲು ಅದೇ ಕಣ್ಣಿಗೆ ಬೀಳುವುದು. ಕಳೆದ ವಾರ ಬಂದವರು ಅದನ್ನು ಓದಿ ತಲೆಯಾಡಿಸಿ ಹೋದರು. ನನ್ನ ಫಾರ್ಮಿನಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಬಿತ್ತು.

ದೀಪ ಈಗ ಕಣ್ಣಿಗೆ ಬೀಳುವುದೇ ಇಲ್ಲ. ಚಿಂತೆ ಬಿಡು.

ಜಯಲತಾ


ಟಿಟ್ವಾಳಾ
13 ಜುಲೈ 2024

ಜಯಕ್ಕಾ,

ನಿಮ್ಮ ಕಾಗದವನ್ನು ಇವರಿಗೆ ಓದಿ ಹೇಳಿದೆ. ಪ್ರೆಸ್ಸಿನ ಹಣೆಯ ಮೇಲೆ ನನ್ನ ಅಕ್ಷರ ಎಂದಾಗ ಇವರು ಊಟ ಬಿಟ್ಟು ತಲೆ ಎತ್ತಿ ನೋಡಿದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ದಿನ ನಮ್ಮವ್ವ, "ಇನ್ನ ಇಕೀ ಅಕ್ಷರ ಯಾರ ನೋಡೂರು" ಎಂದು ಪಾಟಿಯನ್ನು ಛಾವಣಿಯ ತಗಡಿನ ಮೇಲೆ ಇಟ್ಟಿದ್ದಳು. ಈಗ ಹೊರಗಿನಿಂದ ಬಂದವರು ನೋಡಿ ತಲೆಯಾಡಿಸುತ್ತಾರೆ.

ದೀಪ ಹೊತ್ತುವುದೇ ನಿಂತಿದ್ದರೆ ಒಳ್ಳೆಯದಾಯಿತು. ಲೈಟಿನವನು ಹೇಳಿದ್ದೇ ನಿಜವಿರಬೇಕು. ಲಾರಿಯಲ್ಲಿ ಕುಲುಕಿ ಲೂಸಿದ್ದದ್ದು ಕೂತುಕೊಂಡಿರಬೇಕು. ನಾನು ಸುಮ್ಮನೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ.

ಈಗ ಬೆಳಗ್ಗೆ ಏಳೂಮುಕ್ಕಾಲಿಗೇ ಬಂದು ಬರೆಯುತ್ತೇನೆ. ಸೀಮೆಸುಣ್ಣ ಹಿಡಿದು ಒಂದೇ ಸಲಕ್ಕೆ ಬರೆದು ಮುಗಿಸುತ್ತೇನೆ. ಹಿತೇಶ್ ಸರ್ ಮೊನ್ನೆ ಹೆಸರಿನ ಹಿಂದಿನ ಟೆನ್ಶನ್ ಬಿಟ್ಟು ಬರೀ ಗಿರಿಜಾ ಎಂದು ಕರೆದರು. ಈ ವಾರದ ಚೀಟಿಯಲ್ಲಿ ಗುರುವಾರದ್ದು ನನಗೆ ಬಹಳ ಸೇರಿದೆ. ಕಲ್ಯಾಣ ದಾಟುವ ಮುಂಚೆ ಗಾಡಿ ನಿಂತಿದ್ದಾಗ ಹೊಳೆದದ್ದು: "ಕೆಂಪು ಸಿಗ್ನಲ್ ಕಂಡರೆ ನಗುತ್ತಿರಿ, ಹಸಿರು ಬರುತ್ತಲೇ ಇದೆ." ಅದನ್ನು ಪ್ರೆಸ್ಸಿಗೆ ಅಂಟಿಸಿರಿ.

ಗಿರಿಜವ್ವ


ಘಣಸೋಲಿ
20 ಜುಲೈ 2024

ಗಿರಿಜಾ,

ಇಲ್ಲಿ ಎಲ್ಲ ಸರಿ ಉಂಟು. ಕೆಲಸ ಹೆಚ್ಚು, ಬರೆಯಲು ಸಮಯವಿಲ್ಲ. ಪೂನಂ ರಜೆಯಲ್ಲಿದ್ದಾಳೆ, ಅವಳದ್ದೂ ನಾವೇ ಮಾಡಬೇಕು.

ಮುಂದಿನ ಚೀಟಿಗಳನ್ನು ಸ್ವಲ್ಪ ದಪ್ಪ ಕಾಗದದಲ್ಲಿ ಬರೆದು ಕಳಿಸು. ತೆಳ್ಳಗಿನದರಲ್ಲಿ ಹಿಂದಿನದು ಕಾಣುತ್ತದೆ.

ಜಯಲತಾ


ಟಿಟ್ವಾಳಾ
27 ಜುಲೈ 2024

ಜಯಕ್ಕಾ,

ನಿಮ್ಮ ಕಾಗದ ಐದೇ ಸಾಲು ಇತ್ತು. ಎಣಿಸಿದೆ. ನನ್ನಿಂದ ಏನಾದರೂ ತಪ್ಪಾಯಿತೇ?

ತೆಳ್ಳಗಿನ ಕಾಗದದ್ದು ನನ್ನದೇ ತಪ್ಪು. ಹಳೆಯ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ, ತಾರೀಖಿನ ಅಂಕಿ ಈಚೆಗೆ ಕಾಣುತ್ತಿರಬೇಕು. ಬಂದವರ ಮುಂದೆ ನಿಮಗೆ ಅವಮಾನವಾಗಿರಬೇಕು. ಈಗ ಮದುವೆ ಕಾರ್ಡುಗಳನ್ನು ಕತ್ತರಿಸಿ ಅದರ ಬಿಳಿ ಬದಿಯಲ್ಲಿ ಬರೆದಿದ್ದೇನೆ. ದೀಪಕ್ಕೆ ಹಿಡಿದು ನೋಡಿದೆ, ಏನೂ ಕಾಣುವುದಿಲ್ಲ. ಹನ್ನೆರಡು ಇವೆ, ಎರಡು ವಾರಕ್ಕಾದವು.

ಪೂನಂ ಯಾಕೆ ರಜೆ? ಜ್ವರವೇ? ಮಳೆಯಲ್ಲಿ ಕಲ್ಯಾಣದ ಕಡೆ ನೀರು ನಿಲ್ಲುತ್ತದೆ. ಅವಳಿಗೆಂದು ಒಂದು ಚೀಟಿ ಬೇರೆ ಇಟ್ಟಿದ್ದೇನೆ, "ನಿಮ್ಮ ಜಾಗ ನಿಮ್ಮ ದಾರಿ ಕಾಯುತ್ತಿದೆ" ಎಂದು. ತಲುಪಿಸಿ.

ಗಿರಿಜವ್ವ


ಟಿಟ್ವಾಳಾ
3 ಆಗಸ್ಟ್ 2024

ಜಯಕ್ಕಾ,

ಇವರ ಫೋನಿನಿಂದ ಮೂರು ಸಲ ಮಾಡಿದೆ. ಗಂಟೆ ಹೊಡೆದು ನಿಲ್ಲುತ್ತದೆ. ನಾಲ್ಕನೆಯ ಸಲ ಮುಂಡಪ್ಪಣ್ಣ ಎತ್ತಿ, ನೀವು ಮಲಗಿದ್ದೀರಿ ಎಂದರು. ಸಂಜೆ ಏಳು ಗಂಟೆಗೆ ನೀವು ಮಲಗುವವರಲ್ಲ.

ನೀವು ಹುಷಾರಾಗಿದ್ದೀರಾ? ನನ್ನ ಮೇಲೆ ಸಿಟ್ಟೇ? ಹಿತೇಶ್ ಸರ್ ನಿಮ್ಮ ಮುಂದೆ ನನ್ನ ಬಗ್ಗೆ ಏನಾದರೂ ಅಂದರೇ? ಪರ್ಮನೆಂಟ್ ಆಗುವವರು ನನ್ನಂಥವಳಿಗೆ ಕಾಗದ ಬರೆಯುವುದು ಸರಿ ಕಾಣುವುದಿಲ್ಲ ಎನ್ನುವುದಾದರೆ ಹಾಗೆಂದು ಒಂದು ಸಾಲು ಬರೆಯಿರಿ, ಸುಮ್ಮನಾಗುತ್ತೇನೆ. ಏನೂ ಗೊತ್ತಾಗದೆ ಇರುವುದು ಮಾತ್ರ ನನ್ನಿಂದ ಆಗುವುದಿಲ್ಲ.

ಶಿವರಾಜ ಸೋಮವಾರದ ತನಕ ಬೇರೆ ದಾರಿಗೆ ಹೋಗುತ್ತಾನಂತೆ. ಮಂಗಳವಾರ ಸಿಕ್ಕಾಗ ನಿಮ್ಮ ಸುದ್ದಿ ಅವನನ್ನೇ ಕೇಳುತ್ತೇನೆ.

ಗಿರಿಜವ್ವ


ವಾಗ್ಳೆ ಎಸ್ಟೇಟ್, ಆಫೀಸಿನ ಹೊರಗಿನ ಬೆಂಚು
6 ಆಗಸ್ಟ್ 2024, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ

ಜಯಕ್ಕಾ,

ಈ ಕಾಗದ ನಿಮ್ಮ ಕೈಗೆ ಸೇರುವಾಗ ನಿಮ್ಮ ಕೈ ಸರಿ ಇರಲಿ.

ಬೆಳಗ್ಗೆ ಏಳೂವರೆಗೆ ಗೇಟಿನಲ್ಲಿ ಶಿವರಾಜ ಸಿಕ್ಕ. ನಿಮ್ಮನ್ನು ನೋಡಿದೆಯಾ, ಹೇಗಿದ್ದಾರೆ ಎಂದು ಕೇಳಿದೆ. ಆರಾಮ ಇದ್ದಾರೆ, ನಿಮ್ಮ ಚೀಟಿ ಎಷ್ಟು ಛಲೋ ಜಾಗದಲ್ಲಿ ಅಂಟಿಸಿದ್ದಾರೆ ಎಂದ. ಎಲ್ಲಿ ಎಂದೆ. "ಆ ಕೆಂಪು ದೀಪ ಐತಲ್ರೀ ಅಕ್ಕಾ, ಬರೋಬ್ಬರಿ ಅದರ ಮ್ಯಾಲೆ. ಉರಿಯುವಾಗ ನಿಮ್ಮ ಅಕ್ಷರ ಭಾಳ ಚಂದ ಕಾಣತಿದ್ವು. ಈಗ ದಪ್ಪ ಕಾಗದ ಹಚ್ಚ್ಯಾರ, ಕಾಣಂಗಿಲ್ಲ" ಎಂದ.

ಮತ್ತೆ ಪೂನಂ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಎರಡು ಬೆರಳಿನ ತುದಿ ಸುಟ್ಟಿದೆ, ನಿಮಗೆ ಗೊತ್ತಿಲ್ಲೇನು ಎಂದ.

ಈಗ ನಾನು ಬರೆಯುವುದನ್ನು ನಿಂತುಕೊಂಡು ಓದಬೇಡಿ, ಕೂತು ಓದಿ. ನನ್ನ ಬಳೆ ಒಡೆದದ್ದು ನಲ್ಲಿಯ ಹತ್ತಿರ ಅಲ್ಲ. ಮೂರನೇ ಪ್ರೆಸ್ಸಿನಲ್ಲಿ. ಏಪ್ರಿಲ್ ಹದಿನಾರು, ಮಂಗಳವಾರ. ದೀಪ ಹೊತ್ತಿತ್ತು. ಅಂದು ಬೆಳಗ್ಗೆ ತಾನೇ ಹಿತೇಶ್ ಸರ್ ಎಲ್ಲರ ಮುಂದೆ, ಟೆನ್ಶನ್ ಗಿರಿಜಾ ದೀಪ ನೋಡಿ ಕೈಕಟ್ಟುತ್ತಾಳೆ, ಅದಕ್ಕೇ ಮಾಲು ಕಡಿಮೆ ಎಂದು ನಗೆಯಾಡಿದ್ದರು. ನಾಚಿಕೆಗೆ ಕೈ ಹಾಕಿದೆ. ಕಾಲು ಪೆಡಲಿನ ಮೇಲೆ ಇರಲಿಲ್ಲ. ತಟ್ಟೆ ತಾನೇ ಇಳಿಯಿತು. ಹಿಂದಕ್ಕೆ ಎಳೆದುಕೊಂಡೆ, ಬೆರಳು ಉಳಿದವು, ಮಣಿಕಟ್ಟು ಅಂಚಿಗೆ ಬಡಿದು ಬಳೆ ಹೋದವು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಸಲ ನಗುತ್ತಿದ್ದರು.

ಮನೆಗೆ ಬರುವ ತನಕ ರೈಲಿನಲ್ಲಿ ಕೂತು ನಾನು ಏನು ಯೋಚನೆ ಮಾಡಿದೆ ಗೊತ್ತೇ? ಬಳೆ ಒಡೆದವಲ್ಲ, ಗಂಡನಿಗೆ ಏನಾಗುತ್ತದೋ ಎಂದು. ಐದು ಮಂಗಳವಾರ ಗಣಪತಿಯ ಮುಂದೆ ನಿಂತು ಇವರ ಜೀವ ಕೇಳಿಕೊಂಡೆ. ಆ ಮಷೀನಿಗೆ ಮುಂದೆ ಯಾರು ಕೂರುತ್ತಾರೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಜಗತ್ತಿನದ್ದೆಲ್ಲ ಚಿಂತೆ ಮಾಡುವವಳು, ಮಾಡಬೇಕಾದ್ದೊಂದನ್ನೇ ಬಿಟ್ಟೆ.

ಶಿವರಾಜನಿಗೆ ಈಗಲೇ ಮಹಾಪೆಗೆ ಹೋಗು ಎಂದೆ. ಅವನಿಗೆ ಮೊದಲು ಭಿವಂಡಿ, ಹನ್ನೆರಡಕ್ಕೆ ವಾಪಸು ಬಂದು ಮಹಾಪೆ. ಆಫೀಸಿನಲ್ಲಿ ಫೋನು ಕೇಳಿದೆ, ಸರ್ ಬರಲಿ ಎಂದರು. ನಿಮ್ಮ ಫೋನು ಅಲ್ಲಿಯ ಗೇಟಿನ ಪೆಟ್ಟಿಗೆಯಲ್ಲಿರುತ್ತದೆ. ಗಡಿಯಾರ ಏಳೂ ಐವತ್ತು ತೋರಿಸುತ್ತಿತ್ತು. ಎಂಟಕ್ಕೆ ನೀವು ಕೂರುತ್ತೀರಿ.

ಫಲಕ ಒರೆಸಿದೆ. ಬರೆದೆ: "ಮಹಾಪೆ ಮೂರನೇ ಪ್ರೆಸ್. ದೀಪದ ಮೇಲಿನ ಚೀಟಿ ಕಿತ್ತು ತೆಗೆಯಿರಿ. ಕೆಂಪು ಇದ್ದಾಗ ಕೈ ಹಾಕಬೇಡಿ. ಪೆಡಲು ಒತ್ತದೆ ತಟ್ಟೆ ಇಳಿಯುತ್ತದೆ. ನನ್ನ ಮೇಲೆ ಇಳಿದಿದೆ. ಗಿರಿಜಾ." ವಾಚ್‌ಮನ್ ಎಂದಿನಂತೆ ಬಂದು ಫೋಟೋ ಹೊಡೆದು ಕಳಿಸಿದ. ಅವನಿಗೆ ಓದುವ ಅಭ್ಯಾಸವಿಲ್ಲ.

ಎಂಟೂವರೆಗೆ ಹಿತೇಶ್ ಸರ್ ಬಂದರು. ಫಲಕದ ಮುಂದೆ ನಿಂತು ಓದಿದರು. ಕೂಗಲಿಲ್ಲ. ಮೆಲ್ಲಗೆ, ಅಳಿಸು ಎಂದರು. ನಾನು ಅಳಿಸಿದೆ. "ಫೋಟೋ ಹೋಗ್ಯಾದರೀ ಸರ್" ಎಂದೆ. ಹಿಂದಿಯಲ್ಲಿ ಹೇಳಬೇಕಿತ್ತು, ಬಾಯಿಗೆ ಇದೇ ಬಂತು. ಅವರಿಗೆ ತಿಳಿಯಿತು.

ನನ್ನನ್ನು ಈ ಬೆಂಚಿನ ಮೇಲೆ ಕೂರಿಸಿದ್ದಾರೆ. ಒಳಗೆ ಫೋನು ಎರಡು ಸಲ ಹೊಡೆಯಿತು. ಯಾರೂ ಬಂದು ಏನೂ ಹೇಳುವುದಿಲ್ಲ. ಸೌಜನ್ಯ ಬರೆದಳೋ ಇಲ್ಲವೋ. ಬರೆದರೂ ನೀವು ನೋಡಿದಿರೋ ಇಲ್ಲವೋ. ಫಲಕವನ್ನು ದಿನಾ ಯಾರು ಓದುತ್ತಾರೆ, ಜಯಕ್ಕಾ.

ಗಿರಿಜವ್ವ


ಘಣಸೋಲಿ
7 ಆಗಸ್ಟ್ 2024

ಗಿರಿಜಾ,

ನನ್ನ ಕೈ ಸರಿ ಉಂಟು. ಅದರಿಂದಲೇ ಬರೆಯುತ್ತಿದ್ದೇನೆ.

ಸೌಜನ್ಯ ಎಲ್ಲವನ್ನೂ ಬರೆದಳು. ನಿನ್ನ ಹೆಸರಿನ ಕೆಳಗಿನ ಗೀಟನ್ನೂ ಬಿಡಲಿಲ್ಲ. ಬರೆದು, ಕೈ ಒರೆಸಿಕೊಂಡು ಒಳಗೆ ಹೋದಳು. ನಾನು ಮಷೀನಿನಲ್ಲಿ ಕೂತಾಗಿತ್ತು. ಒಂದು ರಟ್ಟು ಸಿಕ್ಕಿಹಾಕಿಕೊಂಡಿತ್ತು, ಬೆರಳು ಒಳಗೆ ಹಾಕಿ ಎಳೆಯುತ್ತಿದ್ದೆ. ನೀರಿಗೆ ಹೋಗಿದ್ದ ಬಾಗಿ ಅಲ್ಲಿಂದಲೇ, "ಜಯಕ್ಕಾ, ಬೋರ್ಡಿನಲ್ಲಿ ನಿಮ್ಮ ಮಷೀನಿನ ಹೆಸರುಂಟು" ಎಂದಳು. ನನಗೆ ಎಂತ ಅನಿಸಿತು ಗೊತ್ತುಂಟಾ? ನನ್ನನ್ನು ಹೊಗಳಿ ಬರೆದಿದ್ದಾರೆ ಅಂತ. ಸೆರಗು ಸರಿ ಮಾಡಿಕೊಂಡು ಎದ್ದು ಹೋದೆ.

ಓದಿ ವಾಪಸು ಬಂದು ನಿನ್ನ ಮದುವೆ ಕಾರ್ಡನ್ನು ಕಿತ್ತೆ. ಕೆಳಗೆ ದೀಪ ಉರಿಯುತ್ತಿತ್ತು. ಯಾವಾಗಿನಿಂದ ಉರಿಯುತ್ತಿತ್ತೋ ದೇವರಿಗೇ ಗೊತ್ತು. ಪೆಡಲಿನಿಂದ ಸ್ಟೂಲು ದೂರ ಎಳೆದೆ. ಬರೀ ರಟ್ಟು ಒಂದನ್ನು ಒಳಗೆ ಬಿಟ್ಟು ಹನ್ನೊಂದು ಜನ ಕೈಕಟ್ಟಿ ನಿಂತೆವು. ಸೂಪರ್‌ವೈಸರ್ ಬಂದು, ಎಂತ ತಮಾಷೆ ಎಂದು ಕೇಳಿದ. ಬಾಗಿ ದೀಪದ ಕಡೆ ಬೆರಳು ತೋರಿಸಿದಳು. ಅವನೂ ನಿಂತ. ಹದಿನೇಳು ನಿಮಿಷ. ನಂತರ ತಟ್ಟೆ ಇಳಿಯಿತು. ಯಾರೂ ಮುಟ್ಟದೆ. ಇಳಿದದ್ದು ಮೇಲೆ ಹೋಗಲೇ ಇಲ್ಲ, ರಟ್ಟು ಸುಟ್ಟ ವಾಸನೆ ಬಂತು. ಅವನೇ ಓಡಿ ಹೋಗಿ ಮೈನ್ ಆಫ್ ಮಾಡಿದ.

ಈಗ ನನ್ನದು. ನೀನು ಬರೆದೆ, ನಾನೂ ಬರೆಯಬೇಕು.

ಚೀಟಿಯನ್ನು ದೀಪದ ಮೇಲೆ ಅಂಟಿಸಿದ್ದು ನಾನೇ. ಯಾರೂ ನನ್ನ ಕೈ ಹಿಡಿದು ಅಂಟಿಸಿದ್ದಲ್ಲ. ನೋಡಲು ಬರುವವರ ಕಣ್ಣಿಗೆ ಕೆಂಪು ಬೀಳಬಾರದು ಎಂದು ಆಫೀಸಿನವರು ಹೇಳಿದರು, ಹೇಗೂ ದೀಪ ಲೂಸು ಎಂದರು. ನಿನ್ನ ಚೀಟಿ ಅಳತೆಗೆ ಸರಿಯಾಗಿತ್ತು. ಹದಿನೆಂಟನೇ ಜುಲೈ ಗುರುವಾರ ನಾನು ಚಹಾಕ್ಕೆ ಎದ್ದಾಗ ಪೂನಂ ನನ್ನ ಜಾಗದಲ್ಲಿ ಕೂತಳು. ಬಲಗೈಯ ಎರಡು ಬೆರಳು. ಅಂದು ದೀಪದ ಮೇಲಿದ್ದದ್ದು ನಿನ್ನ ಹಸಿರು ಸಿಗ್ನಲ್ಲಿನ ಮಾತು.

ನಾನು ಚಹಾ ಮುಗಿಸಿ ಬಂದಾಗ ಅವಳು ಕಿರುಚುತ್ತಿರಲಿಲ್ಲ ಗಿರಿಜಾ. "ತಾಈ, ಮೀ ಪಾಯ್ ಠೇವ್ಲಾ ನವ್ಹತಾ" ಎಂದಳು, ಅಕ್ಕಾ ನಾನು ಪೆಡಲಿಗೆ ಕಾಲಿಟ್ಟಿರಲಿಲ್ಲ ಎಂದು. ಸಂಜೆ ಫಾರ್ಮು ತಂದರು. ಪಕ್ಕದಲ್ಲಿದ್ದವರು ಬರೆಯಬೇಕು. "ಗಮನ ಕೊಡದೆ ಪೆಡಲು ಒತ್ತಿದಳು" ಎಂದು ಬರೆದು ಸಹಿ ಹಾಕಿದೆ. ನಾನು ಆಗ ಅಲ್ಲಿ ಇರಲೇ ಇಲ್ಲ. ಆ ತಿಂಗಳು ನನಗೆ ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು. ಆಮೇಲೆ ನಿನ್ನ ಹತ್ತಿರ ದಪ್ಪ ಕಾಗದ ಕೇಳಿದೆ. "ನಿಮ್ಮ ಜಾಗ ನಿಮ್ಮ ದಾರಿ ಕಾಯುತ್ತಿದೆ" ಎಂದು ನೀನು ಕಳಿಸಿದ ಚೀಟಿಯನ್ನು ಅವಳಿಗೆ ತಲುಪಿಸಲು ನನ್ನಿಂದ ಆಗಲಿಲ್ಲ. ನಿನ್ನ ಫೋನು ಎತ್ತಲೂ ಆಗಲಿಲ್ಲ.

ನಿನ್ನ ಮೇಲೆ ಸಿಟ್ಟು ಉಂಟು. ಏಪ್ರಿಲಿನಲ್ಲಿ ಒಂದು ಮಾತು ಹೇಳಿದ್ದರೆ ನಾನು ಆ ದೀಪ ಮುಚ್ಚುತ್ತಿರಲಿಲ್ಲ. ಮುಚ್ಚುತ್ತಿರಲಿಲ್ಲ ಎಂದು ಈಗ ಬರೆಯುವುದು ಸುಲಭ. ಸಿಟ್ಟು ಮಾಡುವ ಹಕ್ಕು ನನಗೆ ಎಷ್ಟುಂಟೋ ಗೊತ್ತಿಲ್ಲ.

ಮಷೀನು ನಿಂತಿದೆ. ಆದರೆ ಪೂನಂದು ಬೇರೆ ಕತೆ ಎನ್ನುತ್ತಿದ್ದಾರೆ. ಮಷೀನು ನಿನ್ನೆ ಕೆಟ್ಟದ್ದಂತೆ, ಜುಲೈಯಲ್ಲಿ ಸರಿ ಇತ್ತಂತೆ, ನನ್ನ ಸಹಿಯೇ ಸಾಕ್ಷಿಯಂತೆ. ಸೋಮವಾರ ಹನ್ನೆರಡನೇ ತಾರೀಖಿಗೆ ಅವಳನ್ನು ವಿಚಾರಣೆಗೆ ಕರೆದಿದ್ದಾರೆ. ತಪ್ಪು ಅವಳದ್ದೆಂದು ಆದರೆ ಕೆಲಸ ಹೋಯಿತು. ನಾನು ಬರೆದದ್ದು ಸುಳ್ಳು ಎಂದು ಅಂದು ಹೇಳುತ್ತೇನೆ. ಹೇಳಿದ ಮೇಲೆ ದಸರಾದ ಆಸೆ ಇಲ್ಲ, ಗೊತ್ತುಂಟು. ಆದರೆ ಒಮ್ಮೆ ಸುಳ್ಳು ಬರೆದವಳ ಮಾತನ್ನು ಎರಡನೇ ಸಲ ಯಾರು ನಂಬುತ್ತಾರೆ? ಮಷೀನು ಜುಲೈಗಿಂತ ಮೊದಲೇ ಹೀಗಿತ್ತು ಎಂದು ಹೇಳುವವರು ಒಬ್ಬರು ಬೇಕು.

ನಿನ್ನನ್ನು ಕೇಳುತ್ತಿಲ್ಲ. ನಿನ್ನ ಕೆಲಸವೂ ನನಗೆ ಗೊತ್ತುಂಟು.

ಜಯಲತಾ


ಟಿಟ್ವಾಳಾ
10 ಆಗಸ್ಟ್ 2024, ಶನಿವಾರ

ಜಯಕ್ಕನಿಗೆ ಗಿರಿಜವ್ವನ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಮೇಲೆ ನನಗೂ ಸಿಟ್ಟು ಬಂತು. ಆ ಹುಡುಗಿ ಅಕ್ಕಾ ಎಂದು ಕರೆದು ಹೇಳಿದ್ದಳಲ್ಲ. ಆಮೇಲೆ ನನ್ನ ಸೆರಗಿನ ಗಂಟಿನಲ್ಲಿ ಕಟ್ಟಿ ತಂದ ಬಳೆ ಚೂರು ನೆನಪಾಯಿತು. ಸಿಟ್ಟು ಅಲ್ಲೇ ನಿಂತಿತು, ಹೋಗಲಿಲ್ಲ.

ಫಲಕ ನನ್ನಿಂದ ತೆಗೆದುಕೊಂಡರು. ಈಗ ಯಾರೋ ಕಂಪ್ಯೂಟರಿನಲ್ಲಿ ಹೊಡೆದು ಅಂಟಿಸುತ್ತಾರೆ. ನನ್ನನ್ನು ಪೆಟ್ಟಿಗೆ ಕಟ್ಟುವ ಕಡೆ ಹಾಕಿದ್ದಾರೆ. ಮುಂದೆ ಏನು ಮಾಡುತ್ತಾರೋ. ಲೈನಿನವರು ಮೊದಲ ದಿನ ಮುಖ ತಿರುಗಿಸಿದರು. ನಿನ್ನೆ ಮರಗಮ್ಮ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕಸ ಗುಡಿಸುವವಳು, ಬಂದು ನನ್ನ ಡಬ್ಬಿಯ ಮುಚ್ಚಳ ತೆಗೆದುಕೊಟ್ಟು ಹೋದಳು.

ಇವರಿಗೆ ಬಳೆಯ ನಿಜ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. "ನನ್ನ ಸಲುವಾಗಿ ಐದು ಮಂಗಳಾರ ನೀರ ಸೈತ ಕುಡೀಲಿಲ್ಲ. ಒಂದು ಮಂಗಳಾರ ಬಾಯಿ ತಗದಿದ್ರ ಆ ಹುಡಿಗಿ ಕೈ ಉಳೀತಿತ್ತಲ್ಲ ಗಿರಿಜಾ" ಎಂದರು.

ಸೋಮವಾರ ರಜೆ ಬರೆದುಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ಕಾರಣವನ್ನೇ ಬರೆದೆ. ಬೆಳಗಿನ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹತ್ತಿ ಬರುತ್ತೇನೆ. ಆ ಗಾಡಿಯಲ್ಲಿ ನಾನು ಯಾವತ್ತೂ ಕೂತಿಲ್ಲ. ಘಣಸೋಲಿಯಲ್ಲಿ ಇಳಿಯಬೇಕೋ ಕೋಪರ್‌ಖೈರಣೆಯಲ್ಲೋ ಗೊತ್ತಿಲ್ಲ, ತಪ್ಪಿ ಮುಂದೆ ಹೋದರೆ ಏನು ಮಾಡುವುದೋ ಗೊತ್ತಿಲ್ಲ, ಒಳಗೆ ಬಿಡುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನೀವು ಗೇಟಿನಲ್ಲಿ ನಿಂತಿರಿ. ಬಳೆಯ ಚೂರು ಎಸೆದಿರಲಿಲ್ಲ, ಅಪಶಕುನವೆಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ತರುತ್ತೇನೆ.

ಬಿಡದಿದ್ದರೆ ಇರಲಿ ಎಂದು ಈ ವಾರ ಒಂದೇ ಚೀಟಿ ಶಿವರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಇದನ್ನು ಎಲ್ಲಿಯೂ ಅಂಟಿಸಬೇಡಿ. ಪೂನಂ ಕೈಗೆ ಕೊಡಿ, ಎಡಗೈಗೆ. ಅವಳು ಓದಲೆಂದು ಹಿಂದಿಯಲ್ಲಿ ಬರೆದಿದ್ದೇನೆ. ನಿಮಗಾಗಿ ಇಲ್ಲಿ ಕನ್ನಡದಲ್ಲಿ:

"ಏಪ್ರಿಲ್ 16, ಮಂಗಳವಾರ, ಬೆಳಗ್ಗೆ ಹತ್ತೂಕಾಲು. ವಾಗ್ಳೆ ಎಸ್ಟೇಟ್ ಯೂನಿಟ್, ಮೂರನೇ ಪ್ರೆಸ್. ಕೆಂಪು ದೀಪ ಹೊತ್ತಿತ್ತು. ಪೆಡಲಿನ ಮೇಲೆ ಕಾಲು ಇರಲಿಲ್ಲ. ತಟ್ಟೆ ತಾನಾಗಿ ಇಳಿಯಿತು. ಅಲ್ಲಿ ಕೂತಿದ್ದವಳು ನಾನು. ಯಾರು ಕೇಳಿದರೂ ಹೇಳುತ್ತೇನೆ. ಸಹಿ, ಗಿರಿಜವ್ವ ರಾಯಪ್ಪ."

ಮದುವೆ ಕಾರ್ಡು ಇನ್ನೂ ಎರಡು ಉಳಿದಿದ್ದವು. ಬಿಟ್ಟು, ತೆಳ್ಳಗಿನ ಕಾಗದದಲ್ಲೇ ಬರೆದಿದ್ದೇನೆ. ಹಿಂದಿನದು ಕಾಣಲಿ.

ಗಿರಿಜವ್ವ